ಹಳೆ ವೈರಿಂಗ್, ಹೊಸ ಎಸಿ: ಪ್ಲಗ್‌ನಿಂದ ಕಂಬದವರೆಗೆ ಒಂದೊಂದೇ ನೋಡಿಕೊಳ್ಳುವ ಬಗೆ

ಕೊಡಗಿನಲ್ಲಿ ಎಸಿ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಮಡಿಕೇರಿ ಪೇಟೆಯಲ್ಲಿ ಇರುವವರಿಗೆ ಇವತ್ತಿಗೂ ಫ್ಯಾನ್ ಸಾಕು. ಆದರೆ ಕುಶಾಲನಗರ ಅಲ್ಲಿಗಿಂತ ಸುಮಾರು 300 ಮೀಟರ್ ತಗ್ಗಿನಲ್ಲಿದೆ. ಮಾರ್ಚ್ ಕೊನೆಗೆ ತಾರಸಿ ಕಾದರೆ ರಾತ್ರಿ ಹನ್ನೊಂದಾದರೂ ಮಲಗುವ ಕೋಣೆ ಆರುವುದಿಲ್ಲ. ಗೋಣಿಕೊಪ್ಪ ಕಡೆಯವರೂ ಈಗ ಇದೇ ಮಾತು ಹೇಳುತ್ತಾರೆ. ಹೋಂಸ್ಟೇ ಇಟ್ಟವರಿಗಂತೂ ಬುಕ್ ಮಾಡುವ ಮೊದಲೇ ಬರುವ ಪ್ರಶ್ನೆ, ಎಸಿ ಇದೆಯಾ ಅಂತ.

ನಮ್ಮ ಮನೆಗೆ ಎಸಿ ಬಂದದ್ದು ಅಮ್ಮನಿಗೋಸ್ಕರ. ಸೊಂಟದ ಆಪರೇಷನ್ ಆಗಿ ಎರಡು ತಿಂಗಳು ಹಾಸಿಗೆಯಲ್ಲೇ ಇರಬೇಕಿತ್ತು. ಏಪ್ರಿಲ್ ಸೆಕೆ ಬೇರೆ. ಒಂದೂವರೆ ಟನ್‌ನ ಎಸಿ ತಂದೆವು. ಕೂರಿಸಲು ಬಂದ ಹುಡುಗ ಕೇಳಿದ್ದು ಒಂದೇ ಮಾತು: "16 ಆಂಪ್ ಪಾಯಿಂಟ್ ಇದೆಯಾ ಅಣ್ಣ?" ಇತ್ತು. ಪ್ಲಗ್ ಸರಿಯಾಗಿ ಕೂತಿತು. ಎಸಿ ಓಡಿತು. ಅಷ್ಟಕ್ಕೆ ಎಲ್ಲ ಮುಗಿಯಿತು ಅಂದುಕೊಂಡೆವು.

ಸಂಜೆ ಗೀಸರ್ ಹಾಕಿ, ಅಕ್ಕ ಬಟ್ಟೆ ಇಸ್ತ್ರಿಗೆ ಕೂತರೆ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಒಬ್ಬರು ಬಂದು 16 ಆಂಪ್ ಎಂಸಿಬಿ ತೆಗೆದು 32ರದ್ದು ಹಾಕಿದರು. ಬೀಳುವುದು ನಿಂತಿತು. ಹನ್ನೆರಡನೇ ದಿನ ಮಧ್ಯಾಹ್ನ ಅಮ್ಮ ಕೂಗಿದರು: "ಏನೋ ಸುಟ್ಟ ವಾಸನೆ ಬರ್ತಾ ಇದೆ, ಬೇಗ ಬಂದು ನೋಡು ಮಗಾ." ಬೋರ್ಡ್ ಬಿಚ್ಚಿಸಿದರೆ ಸಾಕೆಟ್ಟಿನ ಬೆನ್ನು ಕಪ್ಪಾಗಿತ್ತು. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರಿನ ಪ್ಲಾಸ್ಟಿಕ್ ಪೈಪಿನೊಳಗೆ ನಾಲ್ಕು ಬೆರಳು ಉದ್ದ ಕರಗಿತ್ತು. ತಾನಾಗಿ ಎದ್ದು ಹೊರಗೆ ಬರಲಾಗದ ಅಮ್ಮ ಆ ಕೋಣೆಯಲ್ಲಿ ಒಬ್ಬರೇ ಇದ್ದರು. ರಾತ್ರಿ ಆಗಿದ್ದರೆ ಅನ್ನೋದು ನೆನೆದರೆ ಇವತ್ತಿಗೂ ಹೊಟ್ಟೆ ಕಲಕುತ್ತದೆ.

ಆಮೇಲೆ ನಾನು ಎಸಿಯಿಂದ ಹಿಂದಕ್ಕೆ ಹೊರಟು, ಸಾಕೆಟ್, ಗೋಡೆಯೊಳಗಿನ ವೈರ್, ಡಿಬಿ (ಎಂಸಿಬಿಗಳೆಲ್ಲ ಇರುವ ಡಬ್ಬ), ಮೀಟರ್, ಕಂಬ ಅಂತ ಒಂದೊಂದೇ ನೋಡಿಸಿದೆ. ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ ಕಲಿತೆ. ಅದೇ ದಾರಿಯಲ್ಲಿ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ. ಇರುವ ವೈರಿಂಗ್‌ನಲ್ಲೇ ಎಸಿ ಓಡಿಸಬಹುದು. ತುಂಬಾ ಮನೆಗಳಲ್ಲಿ ಅದು ಸಾಧ್ಯ. ಆದರೆ ಪ್ಲಗ್ ಕೂತಿತು ಅಂದ ಮಾತ್ರಕ್ಕೆ ಹಿಂದಿನ ವೈರ್ ತಡೆಯುತ್ತದೆ ಅಂತ ಆಗುವುದಿಲ್ಲ.

ಕೆಲಸ ಯಾರದ್ದು

ಸ್ಟಿಕ್ಕರ್ ಓದುವುದು, ಎಂಸಿಬಿ ಇಳಿಸಿ ಏನೇನು ಆಫ್ ಆಗುತ್ತದೆ ಅಂತ ನೋಡುವುದು, ವೋಲ್ಟೇಜ್ ಬರೆದಿಡುವುದು, ಕರೆಂಟ್ ಬಿಲ್ ನೋಡುವುದು ನಿಮ್ಮ ಕೆಲಸ. ಬೋರ್ಡ್ ಬಿಚ್ಚುವುದು, ವೈರ್ ಎಳೆಯುವುದು, ಡಿಬಿ ಮತ್ತು ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು. ಮೀಟರಿನಿಂದ ಆಚೆಗೆ ಕರೆಂಟ್ ಕೊಡುವ ಕಂಪನಿ ಚೆಸ್ಕಾಂನವರು ಮಾತ್ರ ಕೈ ಹಾಕಬೇಕು. ಈ ಗೆರೆಗಳನ್ನು ದಾಟಬೇಡಿ. ನಿಮಗೆ ವಿಷಯ ಗೊತ್ತಿದ್ದರೆ ಎಲೆಕ್ಟ್ರಿಷಿಯನ್ ಪಕ್ಕ ನಿಂತು ಸರಿಯಾದ ಪ್ರಶ್ನೆ ಕೇಳಬಹುದು. ಅದರಿಂದಲೇ ಕೆಲಸದ ಗುಣ ಬದಲಾಗುತ್ತದೆ.

ಹಂತ 1: ಎಸಿಯ ಸ್ಟಿಕ್ಕರ್ ಓದಿ

ಟನ್ ಅನ್ನೋದು ತಂಪಿನ ಅಳತೆ. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ಹೊರಗೆ ಹಾಕುವ ಶಕ್ತಿ. ಒಂದೂವರೆ ಟನ್ ಅಂದರೆ 5.2 ಕಿಲೋವ್ಯಾಟ್ ಹತ್ತಿರ. ಇದನ್ನು ನೋಡಿ ಎಸಿ ಐದು ಕಿಲೋವ್ಯಾಟ್ ಕರೆಂಟ್ ತಿನ್ನುತ್ತದೆ ಅಂತ ಹೆದರುವವರಿದ್ದಾರೆ. ಹಾಗಲ್ಲ. ಎಸಿ ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುತ್ತದೆ. ಸಾಗಿಸಲು ಬೇಕಾದ ಕರೆಂಟ್ ಒಂದೂವರೆ ಟನ್‌ಗೆ ಸಾಧಾರಣವಾಗಿ 1.4ರಿಂದ 1.8 ಕಿಲೋವ್ಯಾಟ್.

ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಎರಡು ಆಂಪ್ ಅಂಕಿ ಸಿಗಬಹುದು. ಒಂದು ಸಾಮಾನ್ಯವಾಗಿ ಓಡುವಾಗಿನದ್ದು, ಇನ್ನೊಂದು ಅತಿ ಹೆಚ್ಚಿನದ್ದು. ಲೆಕ್ಕಕ್ಕೆ ಯಾವಾಗಲೂ ದೊಡ್ಡದನ್ನು ತೆಗೆದುಕೊಳ್ಳಿ. ಕಾದ ಕೋಣೆಯಲ್ಲಿ ಮೊದಲ ಅರ್ಧ ಗಂಟೆ ಇನ್ವರ್ಟರ್ ಎಸಿ (ಕಂಪ್ರೆಸರ್ ವೇಗವನ್ನು ಬೇಕಾದಷ್ಟೇ ಏರಿಸಿ ಇಳಿಸುವ ಮಾದರಿ) ಆ ದೊಡ್ಡ ಅಂಕಿಯ ಕಡೆಗೇ ಓಡುತ್ತದೆ. ಇನ್ವರ್ಟರ್ ಅಲ್ಲದ ಹಳೆ ಮಾದರಿಯದ್ದು ಕಂಪ್ರೆಸರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹಳೆ ವೈರಿಂಗ್ ಇರುವ ಮನೆಗೆ ಇನ್ವರ್ಟರ್ ಎಸಿಯನ್ನೇ ತನ್ನಿ ಅನ್ನೋದು ನನ್ನ ಮಾತು.

ಇನ್ನೊಂದು ಲೆಕ್ಕ ನಮ್ಮ ಊರಿಗೆ ತುಂಬಾ ಮುಖ್ಯ. 1600 ವ್ಯಾಟ್ ಎಳೆಯುವ ಇನ್ವರ್ಟರ್ ಎಸಿ 230 ವೋಲ್ಟ್ ಇದ್ದಾಗ 7 ಆಂಪ್ ತೆಗೆದುಕೊಳ್ಳುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕೆಲಸಕ್ಕೆ ಸುಮಾರು 9 ಆಂಪ್ ಬೇಕು. ಜಾಯಿಂಟ್‌ಗಳು ಬಿಸಿಯಾಗುವುದು ಆಂಪ್‌ನ ವರ್ಗದ ಲೆಕ್ಕದಲ್ಲಿ. ಅಂದರೆ ಅದೇ ಸಾಕೆಟ್ ಒಂದೂವರೆ ಪಟ್ಟಿಗೂ ಜಾಸ್ತಿ ಕಾಯುತ್ತದೆ. ವೋಲ್ಟೇಜ್ ಇಳಿಯುವುದು ಯಾವಾಗ? ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರಲಿಲ್ಲ ಅಂತ ತೋಟದವರೆಲ್ಲ ಸ್ಪ್ರಿಂಕ್ಲರ್ ಮೋಟಾರ್ ಓಡಿಸುವಾಗ. ಎಸಿ ಹಾಕುವ ಕಾಲವೂ ಅದೇ. ಹಾಗಾಗಿ ಇಲ್ಲಿನ ವೈರಿಂಗ್‌ಗೆ ಕಷ್ಟದ ಕಾಲ ಅಂದರೆ ಆ ಎರಡು ಮೂರು ತಿಂಗಳು.

ಹಂತ 2: ಪ್ಲಗ್ ಪಾಯಿಂಟ್

6 ಆಂಪ್‌ನ ಚಿಕ್ಕ ಸಾಕೆಟ್‌ಗೆ ಎಸಿ ಹಾಕಲೇಬಾರದು. ಕನ್ವರ್ಟರ್ ಪ್ಲಗ್ ಬೇಡ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಇದರಲ್ಲಿ ರಾಜಿ ಇಲ್ಲ.

16 ಆಂಪ್ ಸಾಕೆಟ್ ಇದ್ದರೂ ಅದರ ಮುಖ ನೋಡಿ. ತೂತಿನ ಸುತ್ತ ಹಳದಿ ಅಥವಾ ಕಂದು ಬಣ್ಣ ಬಂದಿದೆಯಾ? ಪ್ಲಗ್ ಸಡಿಲವಾಗಿ ಕೂರುತ್ತದೆಯಾ? ಹೌದು ಅಂದರೆ ಒಳಗಿನ ಹಿತ್ತಾಳೆ ಹಿಡಿತ ಹೋಗಿದೆ. ಅಂಥದ್ದು ಮಿಕ್ಸಿಗೆ ನಡೆಯಬಹುದು, ರಾತ್ರಿಯಿಡೀ ಓಡುವ ಎಸಿಗೆ ನಡೆಯುವುದಿಲ್ಲ. ಹೊಸ ಸಾಕೆಟ್‌ನ ಬದಲು ಎಸಿ ಬಾಕ್ಸ್ ಹಾಕಿಸಿಕೊಳ್ಳುವುದು ಒಳ್ಳೆಯದು. ಒಂದೇ ಡಬ್ಬದಲ್ಲಿ ಗಟ್ಟಿ ಪ್ಲಗ್ಗೂ ಡಬಲ್ ಪೋಲ್ ಎಂಸಿಬಿಯೂ ಇರುತ್ತವೆ. ಡಬಲ್ ಪೋಲ್ ಯಾಕೆ ಅಂದರೆ, ಹಳೆ ಮನೆಗಳಲ್ಲಿ ಎಷ್ಟೋ ಕಡೆ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ ಅದಲು ಬದಲಾಗಿರುತ್ತದೆ. ಎರಡನ್ನೂ ಒಟ್ಟಿಗೆ ಕಡಿದರೆ ಮಾತ್ರ ಆಫ್ ಮಾಡಿದ್ದು ನಿಜವಾಗಿ ಆಫ್ ಆಗುತ್ತದೆ.

ಹಂತ 3: ಆ ಲೈನಿನಲ್ಲಿ ಇನ್ನೇನು ಇದೆ

ಡಿಬಿಗೆ ಹೋಗಿ ಆ ಸಾಕೆಟ್ಟಿನ ಎಂಸಿಬಿ ಇಳಿಸಿ. ಆಮೇಲೆ ಮನೆಯಿಡೀ ಸುತ್ತಿ. ಯಾವ ಯಾವ ಪಾಯಿಂಟ್ ಸತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬಚ್ಚಲಿನ ಗೀಸರ್, ಅಡುಗೆಮನೆಯ ಗ್ರೈಂಡರ್, ನೀರಿನ ಮೋಟಾರ್, ಎಲ್ಲವನ್ನೂ ಹಾಕಿ ನೋಡಿ.

ನಮ್ಮಲ್ಲಿ ಗೀಸರ್ ಅದೇ ಲೈನಿನಲ್ಲಿತ್ತು. ಮೊದಲು ಬಚ್ಚಲಿಗೆ ಹಂಡೆ ಒಲೆ, ಕಾಫಿ ಸೌದೆ. ಗೀಸರ್ ಬಂದದ್ದು ಆಮೇಲೆ. ಆಗ ಹತ್ತಿರದ ಪವರ್ ಪಾಯಿಂಟ್‌ನಿಂದಲೇ ವೈರ್ ಎಳೆದು ಕೊಟ್ಟಿದ್ದರು. ಕೊಡಗಿನ ಬಹಳ ಮನೆಗಳ ಕಥೆ ಇದೇ ಇರಬಹುದು. ಲೆಕ್ಕ ಹಾಕಿ: ಗೀಸರ್ 2000 ವ್ಯಾಟ್, ಎಸಿ 1600, ಇಸ್ತ್ರಿ ಪೆಟ್ಟಿಗೆ 1000. ಒಟ್ಟು 4600 ವ್ಯಾಟ್, ಅಂದರೆ 20 ಆಂಪ್. 16ರ ಎಂಸಿಬಿ ಬಿದ್ದದ್ದು ಅದರ ಧರ್ಮ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎಂಸಿಬಿ ಇರುವುದು ವೈರ್ ಕಾಯಲು. ಎಂಸಿಬಿಯ ಆಂಪ್ ಗೊತ್ತು ಮಾಡುವುದು ಅದರ ಹಿಂದಿನ ವೈರಿನ ದಪ್ಪ. 32ರ ಎಂಸಿಬಿ 36 ಆಂಪ್ ಹರಿದರೂ ಒಂದು ಗಂಟೆಯೊಳಗೆ ಬೀಳಬೇಕಾಗಿಲ್ಲ. ಅದರ ರಚನೆಯೇ ಹಾಗೆ. 20 ಆಂಪ್ ತಡೆಯುವ ವೈರಿನ ಮುಂದೆ ಅದನ್ನು ಇಟ್ಟರೆ ಮೊದಲು ಸುಡುವುದು ವೈರ್. ನಮ್ಮ ಮನೆಯಲ್ಲಿ ಆದದ್ದು ಇದೇ. ಯಾರಾದರೂ ನಿಮ್ಮ ಮನೆಗೆ ಬಂದು "ಎಂಸಿಬಿ ದೊಡ್ಡದು ಹಾಕಿದ್ರೆ ಸರಿಹೋಗುತ್ತೆ" ಅಂದರೆ ದಯವಿಟ್ಟು ಒಪ್ಪಬೇಡಿ. ವೈರ್ ಎಷ್ಟು ದಪ್ಪ ಅಂತ ಮೊದಲು ತೋರಿಸಿ ಅನ್ನಿ.

ಹಂತ 4: ಗೋಡೆಯೊಳಗಿನ ವೈರ್

ಇದು ಎಲ್ಲಕ್ಕಿಂತ ಮುಖ್ಯ. ಮೇನ್ ಆಫ್ ಮಾಡಿಸಿ, ಸಾಕೆಟ್ ಬೋರ್ಡನ್ನೂ ಡಿಬಿಯನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ ನೋಡಿ. ಎರಡು ತುದಿಯನ್ನೂ ನೋಡಬೇಕು. ಸಾಕೆಟ್ಟಿನಲ್ಲಿ ದಪ್ಪ ವೈರ್ ಇದ್ದು, ನಡುವೆ ಜಂಕ್ಷನ್ ಬಾಕ್ಸ್‌ನಿಂದ ತೆಳುವಾದದ್ದು ಹೊರಟಿರುವುದೂ ಉಂಟು.

ಈಚಿನ ವೈರಿನ ಮೇಲೆ 1.5, 2.5, 4 ಅಂತ ಸ್ಕ್ವೇರ್ ಎಂಎಂ (ವೈರಿನ ದಪ್ಪದ ಅಳತೆ) ಅಚ್ಚಾಗಿರುತ್ತದೆ. ಹಳೆ ಮನೆಯಲ್ಲಿ ಗೇಜ್ ಲೆಕ್ಕ: 1/18, 3/22, 3/20, 7/20. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಎಳೆಯ ಗೇಜ್. ಈಗಿನ ಅಳತೆಗೆ ತಂದರೆ 1/18 ಮತ್ತು 3/22 ಎರಡೂ ಸುಮಾರು 1.2. 3/20 ಅಂದರೆ 2. 7/20 ಅಂದರೆ 4.5 ಹತ್ತಿರ. ನಮ್ಮ ಮನೆಯದ್ದು 3/20 ತಾಮ್ರ. ಒಂದೇ ಒಂದು ದೊಡ್ಡ ಉಪಕರಣಕ್ಕೆ ಹೇಗೋ ಸಾಕು, ಮೂರಕ್ಕೆ ಸಾಲದು.

ವೈರಿನ ಒಳಗಿನ ಎಳೆ ಬೆಳ್ಳಗಿದ್ದರೆ ಚಾಕುವಿನಿಂದ ಮೆಲ್ಲಗೆ ಕೆರೆಸಿ ನೋಡಿ. ಒಳಗೆ ಕೆಂಪು ಕಂಡರೆ ತವರ ಬಳಿದ ತಾಮ್ರ. ಬೆಳ್ಳಗೇ ಇದ್ದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಜರುಗುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಮೇಲ್ಮೈಯಲ್ಲಿ ಕರೆಂಟ್ ಹರಿಯದ ಪೊರೆ ಕಟ್ಟುತ್ತದೆ. ತಾಮ್ರದ ಜೊತೆ ನೇರವಾಗಿ ತಿರುಚಿದರೆ, ಅದೂ ನಮ್ಮ ಮಳೆಗಾಲದ ತೇವದಲ್ಲಿ, ಜಾಯಿಂಟ್ ಬೇಗ ಕೆಡುತ್ತದೆ. ಅಲ್ಯೂಮಿನಿಯಂ ಕಂಡರೆ ಆ ಲೈನಿನಲ್ಲಿ ಎಸಿಯ ಯೋಚನೆ ಬಿಡಿ. ಹೊಸ ಲೈನ್ ಎಳೆಸಿ.

ಐನ್‌ಮನೆಗಳಲ್ಲಿ (ಕೊಡವ ಕುಟುಂಬಗಳ ಹಳೆಯ ಮೂಲಮನೆ), ಹಳೆ ಬಂಗಲೆಗಳಲ್ಲಿ ಮರದ ಪಟ್ಟಿ ಮೇಲೆ ಹೊಡೆದ ವೈರಿಂಗ್ ಇನ್ನೂ ಇದೆ. ಬಟ್ಟೆ ಸುತ್ತಿದ ರಬ್ಬರ್ ವೈರ್ ಮುಟ್ಟಿದರೆ ಪುಡಿ ಉದುರುತ್ತದೆ. ಅದರ ಮೇಲೆ ಒಣಗಿದ ಮರದ ಅಟ್ಟ. ಅಲ್ಲಿ ಬಲ್ಬ್ ಉರಿಯುತ್ತಿದೆ ಅಂತ ಎಸಿ ಹಾಕಬೇಡಿ. ನೂರು ವರ್ಷದ ಮನೆ ಒಂದು ರಾತ್ರಿಯಲ್ಲಿ ಹೋಗಬಹುದು. ಬೇಕಾದ ಕೋಣೆಗೆ ಮಾತ್ರ ಗೋಡೆ ಮೇಲೆ ಪೈಪಿನಲ್ಲಿ ಪ್ರತ್ಯೇಕ ಲೈನ್ ತನ್ನಿ.

ಹಂತ 5: ರೂಮ್ ಹೀಟರ್‌ನಿಂದ ಪರೀಕ್ಷೆ

ಕೊಡಗಿನ ಮನೆಗಳಲ್ಲಿ ಎಸಿಗಿಂತ ಮೊದಲೇ ಇರುವ ವಸ್ತು ರೂಮ್ ಹೀಟರ್. ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 2000 ವ್ಯಾಟ್‌ನ ಹೀಟರ್ 8.7 ಆಂಪ್ ಎಳೆಯುತ್ತದೆ. ಎಸಿಯ ಭಾರಕ್ಕೆ ಹತ್ತಿರದ ಅಂಕಿ. ವೈರ್ ತಾಮ್ರ, ದಪ್ಪ ಸರಿ ಇದೆ, ಸಾಕೆಟ್ ಗಟ್ಟಿ ಇದೆ, ಎಂಸಿಬಿ 16ರದ್ದೇ ಅಂತ ಖಾತ್ರಿಯಾದ ಮೇಲೆ ಮಾತ್ರ ಇದನ್ನು ಮಾಡಿ.

ಅದೇ ಬೋರ್ಡಿನ ಇನ್ನೊಂದು ಸಾಕೆಟ್‌ಗೆ ಪ್ಲಗ್ ಮಾಡುವ ವೋಲ್ಟ್‌ಮೀಟರ್ ಸಿಕ್ಕಿಸಿ. ಹೀಟರ್ ಹಾಕುವ ಮೊದಲಿನ ಅಂಕಿ ಬರೆಯಿರಿ. ಹಾಕಿದ ಮೇಲಿನದ್ದನ್ನೂ ಬರೆಯಿರಿ. 2.5ರ ತಾಮ್ರದ ವೈರ್ ಡಿಬಿಯಿಂದ 20 ಮೀಟರ್ ಬಂದಿದ್ದರೆ ಮನೆಯೊಳಗೆ ಕಳೆದುಹೋಗುವುದು ಸುಮಾರು 3 ವೋಲ್ಟ್. 4ರ ವೈರ್ ಆದರೆ 2ಕ್ಕೂ ಕಡಿಮೆ. ಕಂಬದಿಂದ ಬರುವ ಸರ್ವಿಸ್ ವೈರಿನಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಒಟ್ಟು ಐದಾರು ವೋಲ್ಟ್ ಇಳಿದರೆ ಚಿಂತೆ ಇಲ್ಲ. 215 ಇದ್ದದ್ದು 195 ಆದರೆ ಎಲ್ಲೋ ಸಡಿಲ ಜಾಯಿಂಟ್ ಇದೆ ಅಥವಾ ವೈರ್ ತೆಳುವಾಗಿದೆ. ಆಗ ಡಿಬಿಯಲ್ಲೂ ಅಳೆಸಿ. ಅಲ್ಲಿಯೂ ಅಷ್ಟೇ ಇಳಿದರೆ ತೊಂದರೆ ಹೊರಗಿನದ್ದು. ಡಿಬಿಯಲ್ಲಿ ಸರಿ ಇದ್ದು ಸಾಕೆಟ್‌ನಲ್ಲಿ ಮಾತ್ರ ಇಳಿದರೆ ಗೋಡೆಯೊಳಗಿನದ್ದು.

ಹೀಟರ್ ಒಂದು ಗಂಟೆ ಓಡಲಿ. ಪಕ್ಕದಲ್ಲೇ ಕೂತಿರಿ, ಬಿಟ್ಟು ಹೋಗಬೇಡಿ. ವಾಸನೆ ಬಂದರೆ ಕೂಡಲೇ ಎಂಸಿಬಿ ಇಳಿಸಿ. ಗಂಟೆ ಆದ ಮೇಲೆ ಸ್ವಿಚ್ ಆಫ್ ಮಾಡಿ, ಎಂಸಿಬಿಯನ್ನೂ ಇಳಿಸಿ, ಪ್ಲಗ್ ಕಿತ್ತು ಅದರ ಮೈ ಮುಟ್ಟಿ ನೋಡಿ. ಉಗುರು ಬೆಚ್ಚಗೆ ಇದ್ದರೆ ಪರವಾಗಿಲ್ಲ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಆ ಸಾಕೆಟ್‌ನಲ್ಲಿ ಎಸಿ ಓಡಿಸಬಾರದು.

ಹಂತ 6: ಯಾವ ದಾರಿ ಹಿಡಿಯಬೇಕು

ವೈರ್ 2.5 ತಾಮ್ರ, ಆ ಲೈನಿನಲ್ಲಿ ಬೇರೇನೂ ದೊಡ್ಡದಿಲ್ಲ, ಹೀಟರ್ ಪರೀಕ್ಷೆಯಲ್ಲಿ ಪಾಸಾಗಿದೆ. ಹಾಗಿದ್ದರೆ ಒಂದೂವರೆ ಟನ್‌ವರೆಗಿನ ಇನ್ವರ್ಟರ್ ಎಸಿಯನ್ನು ಇರುವ ವೈರಿಂಗ್‌ನಲ್ಲೇ ಓಡಿಸಬಹುದು. 16 ಆಂಪ್ ಎಂಸಿಬಿ, ಸಿ ಕರ್ವ್‌ನದ್ದು. ಸಿ ಕರ್ವ್ ಅಂದರೆ ಸ್ಟಾರ್ಟ್ ಆಗುವಾಗಿನ ಕ್ಷಣದ ಎಳೆತವನ್ನು ತಾಳಿಕೊಳ್ಳುತ್ತದೆ, ಸುಮ್ನೆ ಬೀಳುವುದಿಲ್ಲ.

ಗೀಸರ್ ಜೊತೆಗಿದೆ, ಆದರೆ ಪೈಪ್ ಚೆನ್ನಾಗಿದೆ ಅಂದರೆ ಗೋಡೆ ಒಡೆಯಬೇಕಾಗಿಲ್ಲ. ಹಳೆ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆಯುತ್ತಾರೆ, ಇಲ್ಲವೇ ಸ್ಪ್ರಿಂಗ್ ಹಾಕಿ ಎಳೆಯುತ್ತಾರೆ. ಹೀಗೆ ಎಳೆಸುವಾಗ 4 ಸ್ಕ್ವೇರ್ ಎಂಎಂ ತಾಮ್ರವನ್ನೇ ತನ್ನಿ. ಮೂರು ವೈರ್: ಫೇಸ್, ನ್ಯೂಟ್ರಲ್, ಹಸಿರು ಅರ್ಥ್. ನ್ಯೂಟ್ರಲ್ ಹಳೆಯದೇ ಇರಲಿ ಅಂತ ಹೇಳುವವರಿದ್ದಾರೆ. ಒಪ್ಪಬೇಡಿ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ. ನಮ್ಮಲ್ಲಿ ಸುಟ್ಟದ್ದು ನ್ಯೂಟ್ರಲ್ಲೇ. ಡಿಬಿಯಿಂದ ಎಸಿ ಬಾಕ್ಸ್‌ವರೆಗೆ ನಡುವೆ ಒಂದೂ ಜಾಯಿಂಟ್ ಬೇಡ. 20 ಆಂಪ್‌ನ ಸಿ ಕರ್ವ್ ಎಂಸಿಬಿ ಸಾಕು. ನಾನು ಮಾಡಿಸಿದ್ದು ಇದನ್ನೇ. ಒಂದು ದಿನದ ಕೆಲಸ.

ಪೈಪ್ ತುಂಬಿಹೋಗಿದೆ ಅಥವಾ ಮಣ್ಣಿನ ಗೋಡೆ ಅಂದರೆ ಹೊರಮೈಯಲ್ಲಿ ಪಿವಿಸಿ ಪೈಪ್ ಹೊಡೆಸಿ. ಚೆಂದ ಕಾಣುವುದಿಲ್ಲ ಅನ್ನುತ್ತಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ ಹಿಡಿಯುವ ಗೋಡೆಯೊಳಗೆ ಇರುವುದಕ್ಕಿಂತ ಹೊರಗಿನ ಪೈಪ್ ಒಣಗಿರುತ್ತದೆ. ಅಟ್ಟದ ಮೇಲೆ ಹಾಯಿಸುವುದಾದರೆ ಅಲ್ಲಿಯೂ ಪೈಪ್ ಬೇಕೇ ಬೇಕು. ಇಲಿ, ಅಳಿಲು ಎರಡೂ ವೈರಿನ ಪ್ಲಾಸ್ಟಿಕ್ ಕಡಿದು ಹಾಕುತ್ತವೆ.

ಹೆಂಚಿನ ಕೋಣೆಗೆ ಎಸಿ ಹಾಕುವವರಿಗೆ ಒಂದು ಮಾತು. ಹೆಂಚಿನ ಸಂದಿಯಲ್ಲಿ ತಂಪು ಹೊರಗೆ ಹೋಗುತ್ತಲೇ ಇರುತ್ತದೆ, ಎಸಿ ಪೂರ್ತಿ ಎಳೆತದಲ್ಲೇ ಓಡುತ್ತದೆ. ಒಳಗೆ ಸೀಲಿಂಗ್ ಹಾಕಿಸಿದ ಮೇಲೆ ಎಸಿ ಬರಲಿ.

ಹಂತ 7: ಡಿಬಿ

ಪಿಂಗಾಣಿ ಫ್ಯೂಸ್ ಕ್ಯಾರಿಯರ್ ಇನ್ನೂ ಇದ್ದರೆ, ಎಸಿ ನೆಪದಲ್ಲಿ ಅದನ್ನು ತೆಗೆಸಿ. ಸುಟ್ಟಾಗಲೆಲ್ಲ ಕೈಗೆ ಸಿಕ್ಕ ತಂತಿ ಕಟ್ಟಿ ಕಟ್ಟಿ ಅದು ಫ್ಯೂಸ್ ಆಗಿ ಉಳಿದಿರುವುದಿಲ್ಲ.

30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿ. ನಮ್ಮ ಕಡೆ ಇದನ್ನು ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಕರೆಂಟ್ ಸೋರಿ ಮನುಷ್ಯನ ಮೈ ಮೂಲಕ ಹರಿದರೆ ಕ್ಷಣದಲ್ಲಿ ಕಡಿಯುವುದು ಇದೇ. ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಇನ್ವರ್ಟರ್ ಎಸಿ ಇರುವ ಲೈನಿಗೆ ಎ ಟೈಪ್‌ನದ್ದು ಕೇಳಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಮಳೆಗಾಲದಲ್ಲಿ ಇದು ಪದೇ ಪದೇ ಬಿದ್ದರೆ ಕಿತ್ತು ಹಾಕುವ ಮನಸ್ಸಾಗುತ್ತದೆ. ಬೇಡ. ಅದು ಎಲ್ಲೋ ನೀರು ಇಳಿದಿದೆ ಅಂತ ಹೇಳುತ್ತಿದೆ. ಒಂದೊಂದೇ ಲೈನ್ ಆಫ್ ಮಾಡಿ ಯಾವುದು ಅಂತ ಹುಡುಕಿಸಿ.

ಏಪ್ರಿಲ್, ಮೇ ಗುಡುಗಿಗೆ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನಿಂದ ನುಗ್ಗುವ ವೋಲ್ಟೇಜ್ ತಡೆಯುವ ಸಾಧನ) ಇದ್ದರೆ ಎಸಿಯ ಬೋರ್ಡ್ ಉಳಿಯುವ ಸಾಧ್ಯತೆ ಜಾಸ್ತಿ. ಅದಕ್ಕೆ ಒಳ್ಳೆಯ ಅರ್ಥಿಂಗ್ ಬೇಕು. ಆದರೂ ಸಿಡಿಲು ಹತ್ತಿರ ಬರುವ ಮೊದಲೇ ಎಂಸಿಬಿ ಇಳಿಸುವ ಅಭ್ಯಾಸ ಬಿಡಬೇಡಿ.

ಹಂತ 8: ಅರ್ಥಿಂಗ್

ಮೂರು ತೂತು ಇದೆ ಅಂತ ಅರ್ಥ್ ಇದೆ ಅಂತಲ್ಲ. ಎಷ್ಟೋ ಹಳೆ ಬೋರ್ಡಿನಲ್ಲಿ ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಇನ್ನೂ ಅಪಾಯದ ಕೆಲಸ ಅಂದರೆ ಸಾಕೆಟ್ಟಿನಲ್ಲೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಕೊಟ್ಟಿರುವುದು. ಎಂದಾದರೂ ಆ ನ್ಯೂಟ್ರಲ್ ಕಡಿದರೆ ಎಸಿಯ ಹೊರಗಿನ ಯೂನಿಟ್ಟಿನ ತಗಡಿಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ಮಳೆಯಲ್ಲಿ ಒದ್ದೆ ಕಾಲಿನಲ್ಲಿ ಅದನ್ನು ಮುಟ್ಟುವವರು ನಮ್ಮ ಮಕ್ಕಳೇ, ಅಲ್ವಾ? ಅಂಥ ತುಂಡು ಕಂಡರೆ ಅವತ್ತೇ ತೆಗೆಸಿ.

ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಮೂರು ಅಂಕಿ ಕೇಳಿ: ಫೇಸ್‌ಗೂ ನ್ಯೂಟ್ರಲ್‌ಗೂ, ಫೇಸ್‌ಗೂ ಅರ್ಥ್‌ಗೂ, ನ್ಯೂಟ್ರಲ್‌ಗೂ ಅರ್ಥ್‌ಗೂ. ಮೊದಲೆರಡು ಹತ್ತಿರ ಹತ್ತಿರ ಇರಬೇಕು. ಮೂರನೆಯದು ಎರಡು ಮೂರು ವೋಲ್ಟ್‌ನೊಳಗೆ ಇರಬೇಕು. ಹೀಟರ್ ಹಾಕಿ ಇನ್ನೊಮ್ಮೆ ಅಳೆಸಿ. ಈ ಅಂಕಿಗಳಿಂದ ಅಂದಾಜು ಮಾತ್ರ ಸಿಗುತ್ತದೆ. ನೆಲದಲ್ಲಿ ತೆಗೆದ ಅರ್ಥ್ ಗುಂಡಿ ನಿಜವಾಗಿ ಹೇಗಿದೆ ಅಂತ ಹೇಳುವುದು ಅರ್ಥ್ ಟೆಸ್ಟರ್ ಮಾತ್ರ.

ನಮ್ಮ ನೆಲದ ಗುಣವನ್ನೂ ನೆನಪಿಡಿ. ಮಳೆಗಾಲದಲ್ಲಿ ನೆಲ ನೆನೆದಿರುತ್ತದೆ, ಅರ್ಥ್ ಚೆನ್ನಾಗಿ ಸಿಗುತ್ತದೆ. ಮಾರ್ಚ್‌ನಲ್ಲಿ ಕಲ್ಲು ಮಣ್ಣು ಒಣಗಿ ಬಿರುಕು ಬಿಟ್ಟಾಗ ಅದೇ ಗುಂಡಿ ಅರೆಕೆಲಸಕ್ಕೆ ಇಳಿಯುತ್ತದೆ. ಎಸಿ ಓಡುವುದು ಆಗಲೇ. ಆದ್ದರಿಂದ ಪರೀಕ್ಷೆ ಬೇಸಿಗೆಯಲ್ಲೇ ಮಾಡಿಸಿ. ಹೊಸ ಗುಂಡಿ ತೆಗೆಸುವುದಾದರೆ ಎರಡೂವರೆ ಮೀಟರ್‌ನ ಜಿಐ ಪೈಪ್, ಸುತ್ತ ಇದ್ದಿಲು ಉಪ್ಪು, ಮೇಲೆ ನೀರು ಹೊಯ್ಯಲು ಬಾಯಿ. ಬಚ್ಚಲ ನೀರು ಹೋಗುವ ಬದಿಯಲ್ಲಿ, ಬಾಳೆ ಬುಡದ ಹತ್ತಿರ ತೆಗೆಸಿದರೆ ನೆಲ ಸದಾ ತೇವ ಇರುತ್ತದೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಬಿಂದಿಗೆ ನೀರು ಹಾಕಿ.

ಹಂತ 9: ಮೀಟರ್, ಬಿಲ್, ಕಂಬ

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಕಿಲೋವ್ಯಾಟ್‌ನಲ್ಲಿ ಬರೆದಿರುತ್ತದೆ. ಹಳೆ ಮನೆಗಳಲ್ಲಿ ಅದು ಒಂದೋ ಎರಡೋ ಇರಬಹುದು. ಎಸಿ, ಗೀಸರ್, ಮೋಟಾರ್ ಒಟ್ಟಿಗೆ ಓಡಿದರೆ ಅದು ಮೀರುತ್ತದೆ. ಆ ಲೋಡ್‌ಗೆ ತಕ್ಕಂತೆ ತಿಂಗಳ ನಿಗದಿತ ಶುಲ್ಕ ಬರುತ್ತದೆ ಅಂತ ಕೆಲವರು ಹೆಚ್ಚಿಸಲು ಹಿಂಜರಿಯುತ್ತಾರೆ. ಆದರೆ ಸರ್ವಿಸ್ ವೈರ್, ಮೀಟರ್ ಎಲ್ಲ ಆ ಅಂಕಿಗೆ ಸರಿಯಾಗಿ ಹಾಕಿದ್ದು. ನಿಮ್ಮ ಊರಿನ ಚೆಸ್ಕಾಂ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

2023ರಿಂದ ಬಂದ ಗೃಹಜ್ಯೋತಿಯಲ್ಲಿ ಇರುವವರು ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮ ಮೇಲೆ ಬರುತ್ತದೆ. ಎಸಿ ಗಂಟೆಗೆ ಸರಾಸರಿ ಒಂದು ಯೂನಿಟ್ ಅಂತ ಇಟ್ಟುಕೊಂಡು, ರಾತ್ರಿ ಆರು ಗಂಟೆ ಓಡಿಸಿದರೆ ತಿಂಗಳಿಗೆ 180. ಉಳಿದ ಮನೆಯ ಖರ್ಚು ಸೇರಿದರೆ ದಾಟುವುದು ಖಂಡಿತ. 26 ಡಿಗ್ರಿಗೆ ಇಟ್ಟು, ಜೊತೆಗೆ ಫ್ಯಾನ್ ಮೆಲ್ಲಗೆ ಹಾಕಿದರೆ ಇದು ಕಡಿಮೆಯಾಗುತ್ತದೆ.

ವೋಲ್ಟೇಜ್ ಅನ್ನು ಒಂದು ವಾರ ಬರೆದಿಡಿ. ಸಂಜೆ ಏಳು, ರಾತ್ರಿ ಹತ್ತು, ಬೆಳಗಿನ ಜಾವ. ಕಂಬದಲ್ಲಿ ಸರ್ವಿಸ್ ವೈರ್ ಸೇರುವ ಕಡೆ ಗಾಳಿಗೆ ಕಿಡಿ ಕಂಡರೆ, ಅಥವಾ ಬಲ್ಬ್ ಒಮ್ಮೆ ಮಂಕು ಒಮ್ಮೆ ಜೋರು ಆಗುತ್ತಿದ್ದರೆ ನ್ಯೂಟ್ರಲ್ ಸಡಿಲವಾಗಿರುವ ಸಂಭವ ಇದೆ. ಆಗ 230 ಇರಬೇಕಾದಲ್ಲಿ 300ಕ್ಕೂ ಮೇಲೆ ಹೋಗಬಹುದು. ಕೂಡಲೇ ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ. ಬರೆದಿಟ್ಟ ಅಂಕಿಗಳು ಕೈಯಲ್ಲಿದ್ದರೆ ನಿಮ್ಮ ದೂರಿಗೆ ತೂಕ ಬರುತ್ತದೆ.

ಸ್ಟೆಬಿಲೈಸರ್, ಯುಪಿಎಸ್, ಜನರೇಟರ್

ಸ್ಟೆಬಿಲೈಸರ್ ಹಾಕಿದರೆ ಎಸಿಗೆ ಒಳ್ಳೆಯದು, ವೈರಿಗೆ ಹಗುರ ಆಗುವುದಿಲ್ಲ. 180 ವೋಲ್ಟನ್ನು 230ಕ್ಕೆ ಏರಿಸಲು ಅದು ಗೋಡೆಯ ವೈರಿನಿಂದ ಜಾಸ್ತಿ ಆಂಪ್ ಎಳೆಯುತ್ತದೆ. ಎಸಿಯ ಕೈಪಿಡಿಯಲ್ಲಿ ಎಷ್ಟರಿಂದ ಎಷ್ಟು ವೋಲ್ಟ್‌ವರೆಗೆ ತಡೆಯುತ್ತದೆ ಅಂತ ಬರೆದಿರುತ್ತದೆ. ನೀವು ಬರೆದಿಟ್ಟ ಅಂಕಿ ಅದರೊಳಗೆ ಇದ್ದರೆ ಸ್ಟೆಬಿಲೈಸರ್ ಬೇಡ.

ಮನೆಯ ಬ್ಯಾಟರಿ ಯುಪಿಎಸ್ ಲೈನಿಗೆ ಎಸಿ ಸೇರಿಸಬೇಡಿ. 150 ಎಎಚ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರುವುದೇ 1.8 ಯೂನಿಟ್.

ಜನರೇಟರ್ ಇರುವ ಹೋಂಸ್ಟೇಯವರೇ, ಒಂದು ವಿನಂತಿ. ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಸೇರಿಸುವ ಸ್ವಿಚ್) ಇಲ್ಲದೆ ಸಾಕೆಟ್ ಮೂಲಕ ಮನೆಗೆ ಜನರೇಟರ್ ಕರೆಂಟ್ ಕೊಡಬೇಡಿ. ಆ ಕರೆಂಟ್ ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಜುಲೈ ಗಾಳಿಗೆ ಸಿಲ್ವರ್ ಓಕ್ ಬಿದ್ದು ಲೈನ್ ಕಡಿದಿರುವಾಗ, ಸುರಿಯುವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಅದರಿಂದ ಹೋಗುತ್ತದೆ.

ಹಂತ 10: ಹೊರಗಿನ ಯೂನಿಟ್

ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ. ಸಾಧ್ಯವಾದರೆ ಮೂಡಣ ಗೋಡೆಗೆ, ಸೂರಿನ ಅಡಿಗೆ ಯೂನಿಟ್ ಕೂರಿಸಿ. ಗಾಳಿ ಆಡಲು ಜಾಗ ಬಿಡಿ. ವೈರ್ ಗೋಡೆಯ ತೂತಿಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತು ಬಿದ್ದು ಮೇಲೆ ಏರಬೇಕು. ಆಗ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ತೂತನ್ನು ಪುಟ್ಟಿ ಹಾಕಿ ಮುಚ್ಚಿಸಿ, ಇಲ್ಲದಿದ್ದರೆ ಇರುವೆ ಸಾಲು ಬರುತ್ತದೆ. ಒಳಗಿನ ಯೂನಿಟ್ಟಿಗೂ ಹೊರಗಿನದ್ದಕ್ಕೂ ನಡುವಿನ ವೈರಿನಲ್ಲಿ ಟೇಪ್ ಸುತ್ತಿದ ಜಾಯಿಂಟ್ ಇರಬಾರದು. ವೈರ್ ಸಾಲದೆ ಹೋದರೆ ಉದ್ದದ್ದನ್ನೇ ತರಿಸಿ.

ಮೊದಲ ಸಂಜೆ

ಎಸಿ ಹಾಕಿ, ಎಲೆಕ್ಟ್ರಿಷಿಯನ್ ಇರುವಾಗಲೇ ಕ್ಲಾಂಪ್ ಮೀಟರ್‌ನಲ್ಲಿ ಆಂಪ್ ನೋಡಿಸಿ. ಅರ್ಧ ಗಂಟೆ ಆದ ಮೇಲೆ ಇನ್ನೊಮ್ಮೆ. ಸ್ಟಿಕ್ಕರಿನ ದೊಡ್ಡ ಅಂಕಿಯೊಳಗೆ ಇರಬೇಕು. ಎರಡು ಗಂಟೆ ಓಡಿದ ಮೇಲೆ ಆಫ್ ಮಾಡಿ ಎಸಿ ಬಾಕ್ಸ್ ಮತ್ತು ಡಿಬಿಯ ಮುಚ್ಚಳ ಮುಟ್ಟಿ ನೋಡಿ. ಕರೆಂಟ್ ಹೋಗಿ ಬಂದರೆ ಐದು ನಿಮಿಷ ತಡೆದು ಹಾಕಿ. ವಾಪಸ್ ಬರುವ ಮೊದಲ ಕೆಲವು ನಿಮಿಷ ವೋಲ್ಟೇಜ್ ಏರುಪೇರು ಇರುತ್ತದೆ.

ಡಿಬಿಯಲ್ಲಿ ಆ ಎಂಸಿಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ಅಮ್ಮನ ಕೋಣೆ ಎಸಿ, 4 ಎಂಎಂ ವೈರ್, 20 ಆಂಪ್. ದೊಡ್ಡದು ಹಾಕಬೇಡಿ." ನಾನು ಮನೆಯಲ್ಲಿ ಇಲ್ಲದಾಗ ಯಾರೇ ಬಂದು ಮುಚ್ಚಳ ತೆಗೆದರೂ ಅದು ಕಣ್ಣಿಗೆ ಬೀಳುತ್ತದೆ. ಪ್ರತಿ ವರ್ಷ ಫೆಬ್ರವರಿ ಮೊದಲ ವಾರ, ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಜೋಡಿಸಲು ಶುರು ಮಾಡುವ ಮೊದಲು, ಎಲೆಕ್ಟ್ರಿಷಿಯನ್ ಕರೆಸಿ ಡಿಬಿ ಮತ್ತು ಎಸಿ ಬಾಕ್ಸ್‌ನ ಸ್ಕ್ರೂ ಬಿಗಿ ಮಾಡಿಸುತ್ತೇನೆ. ಅರ್ಧ ಗಂಟೆಯ ಕೆಲಸ. ಅವತ್ತೇ ಅರ್ಥಿಂಗ್ ಗುಂಡಿಗೆ ಆ ವರ್ಷದ ಮೊದಲ ಎರಡು ಬಿಂದಿಗೆ ನೀರು.